ಹನ್ನೆರಡು ಆಡುಗಳ ಬದಲು ಲಗತ್ತಾದ ಹನ್ನೆರಡು ಆಲ್ಬಮ್‌ಗಳ ಕುರಿತು

ಇವರಿಂದ:
ತಸ್ಲೀಮ ಕೋಂ ಲಾಲಸಾಬ, ವಯಸ್ಸು ನಲವತ್ತೊಂದು
ಉದ್ಯೋಗ: ಊರ ಮಂದಿಯ ಅರ್ಜಿ ಬರೆಯುವುದು
ಕೂಡುವ ಸ್ಥಳ: ತಮ್ಮ ಕಚೇರಿಯ ಎದುರಿನ ಬೇವಿನ ಗಿಡ, ಎಡಗಡೆಯ ಮೇಜು, ತಿಕೋಟಾ
ವಾಸ: ಸ್ಟೇಷನ್ ರಸ್ತೆಯ ಹಿಂದಿನ ಓಣಿ, ವಿಜಯಪುರ

ಇವರಿಗೆ:
ಮಾನ್ಯ ಅಧಿಕಾರಿಗಳು
ಆಡಿನ ಶೆಡ್ಡು ಮಂಜೂರಾತಿ ಹಾಗೂ ಇತರೆ ಕೆಲಸಗಳ ಕಚೇರಿ
(ಬಾಗಿಲ ಮೇಲಿನ ಫಲಕ ಬಣ್ಣಕ್ಕೆ ಹೋಗಿ ವರ್ಷವಾಗಿರುವ ಕಾರಣ ಪೂರ್ತಿ ಹೆಸರು ಬರೆಯಲಾಗಿಲ್ಲ.)

ವಿಷಯ: ಕನಮಡಿಯ ಮಲಕಾಜಪ್ಪನವರ ಆಡುಗಳ ಪಟ್ಟಿಯ ಬದಲು ನನ್ನ ಕೈತಪ್ಪಿನಿಂದ ಲಗತ್ತಾದ, ನನ್ನ ಮಗಳು ಮಾಡಿದ ಕೇಳಲೇಬೇಕಾದ ಆಲ್ಬಮ್‌ಗಳ ಪಟ್ಟಿಯನ್ನು ಮರಳಿಸುವ ಬಗ್ಗೆ, ಹಾಗೂ ಸದರಿ ಪಟ್ಟಿಯ ಷರಾ ಕಾಲಮಿನಲ್ಲಿ ನನಗೂ ಸ್ವಲ್ಪ ಜಾಗ ಕೊಡುವ ಬಗ್ಗೆ.

ಉಲ್ಲೇಖ: ೧) ತಮ್ಮ ಆವಕ ಸಂಖ್ಯೆ ೪೧೭. ೨) ತನಿಖಾಧಿಕಾರಿ ಚೇತನಕುಮಾರ ಸಾಹೇಬರ ಸ್ಥಳ ತನಿಖಾ ವರದಿ. ೩) ನನ್ನ ಮಗಳು ನಸ್ರೀನ ಕನಮಡಿ ಬಸ್ ನಿಲ್ದಾಣದಲ್ಲಿ ಮೌಖಿಕವಾಗಿ ತಿಳಿಸಿದ್ದು.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ, ಹದಿನೇಳು ವರ್ಷಗಳಿಂದ ತಮ್ಮ ಕಚೇರಿಗೆ ಅರ್ಜಿ ಬರೆದುಕೊಡುತ್ತಿದ್ದು ಒಂದೂ ಅರ್ಜಿ ಲಗತ್ತಿನ ಕೊರತೆಯಿಂದ ತಿರಸ್ಕೃತವಾಗದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ನನ್ನ ಮಗಳು ನಸ್ರೀನ ಪಿಯುಸಿ ಎರಡನೇ ವರ್ಷದಲ್ಲಿ ಓದುತ್ತಾಳೆ. ಉಳಿದ ಹೊತ್ತಿನಲ್ಲಿ ಕಿವಿಗೆ ವೈರು ಹಾಕಿಕೊಂಡು ಹಾಡು ಕೇಳುತ್ತಾಳೆ. ಇವು ಮದುವೆ ಮಂಟಪದಲ್ಲಿ ಹಾಕುವ ಹಾಡುಗಳಲ್ಲವಾದ ಕಾರಣ ವಿವರಣೆ ಕೇಳಿದಾಗ ಆಕೆ ಹೇಳಿದ್ದು:

"ಅಮ್ಮೀ, ಇವ್ರು ದೊಡ್ಡ ಕಂಪನಿ ಹೇಳಿದಂಗ ಹಾಡೂ ಮಂದಿ ಅಲ್ಲ. ನಾಕು ಮಂದಿ ಕೂಡಿ, ಒಂದು ಖೋಲಿ ಹಿಡದು, ತಮಗ ತಿಳದಂಗ ಬಾರಸ್ತಾರ. ಇಂಡಿ ರಾಕ್ ಅಂತಾರ ಇದಕ್ಕ."

"ನಮ್ಮ ಇಂಡಿ ತಾಲೂಕಿನವ್ರೇನ?"

"ಯಾ ಅಲ್ಲಾ, ಅಲ್ಲಬೇ! ನೀ ಒಂದ್ಸಲ ಕೇಳು. ಒಂದು ಹಾಡಲ್ಲ ಮತ್ತ, ಪೂರಾ ಆಲ್ಬಮ್. ಮೊದಲಿಂದ ಕೊನೀತನಕಾ ಎದ್ದು ಹೋಗದಂಗ ಕುಂದರಬೇಕು."

೨. ಸದರಿ ಷರತ್ತಿನ ಪ್ರಕಾರ ಒಂದು ಆಲ್ಬಮಿಗೆ ನಲವತ್ತು ನಿಮಿಷ ಕೂಡಬೇಕಾಗುತ್ತದೆ. ನಾನು ಬೆಳಿಗ್ಗೆ ಏಳರ ಬಸ್ಸಿಗೆ ತಿಕೋಟಾಕ್ಕೆ ಬಂದು, ಸಂಜೆ ತಿರುಗಿ ಹೋಗಿ, ರೊಟ್ಟಿ ಬಡಿದು, ಬಟ್ಟೆ ಹಿಂಡಿ, ಮರುದಿನದ ಕಾಗದ ಜೋಡಿಸುವವಳಾದ್ದರಿಂದ "ನಾಳೆ" ಎಂದು ಹೇಳಿದೆ. ಎಂಟು ತಿಂಗಳು ಹೇಳಿದೆ.

೩. ಕಾರಣ ಮಗಳು ಬೇರೆ ದಾರಿ ಹುಡುಕಿದಳು. ನಾನು ಅರ್ಜಿಯ ನಮೂನೆಯಲ್ಲಿ ಇಲ್ಲದ ಕಾಗದವನ್ನು ಓದುವುದಿಲ್ಲ ಎಂಬುದು ಆಕೆಗೆ ಗೊತ್ತು. ಆದ್ದರಿಂದ ಉದ್ದ ಹಾಳೆ ತೆಗೆದುಕೊಂಡು, ನಾನೇ ಕಲಿಸಿದಂತೆ ಅಡಿಪಟ್ಟಿ ಇಟ್ಟು ಗೆರೆ ಎಳೆದು, ಕ್ರಮಸಂಖ್ಯೆ, ವಿವರ, ಗುರುತು, ಷರಾ ಎಂದು ನಾಲ್ಕು ಕಾಲಮು ಮಾಡಿ, ಹನ್ನೆರಡು ಆಲ್ಬಮ್‌ಗಳನ್ನು ಬರೆದಳು. ಷರಾ ಕಾಲಮನ್ನು ಖಾಲಿ ಬಿಟ್ಟಳು. ಒಂದೊಂದನ್ನೂ ಕೇಳಿದ ಮೇಲೆ ನನಗೆ ಹೇಗನಿಸಿತು ಎಂಬುದನ್ನು ಅಲ್ಲಿ ನಾನು ಬರೆಯತಕ್ಕದ್ದು. ಹಾಳೆಯನ್ನು ನನ್ನ ಮೇಜಿನ ಪೆಟ್ಟಿಗೆಯಲ್ಲಿ, ಮೇಲೆಯೇ ಇಟ್ಟಳು.

೪. ನಮ್ಮ ಉದ್ಯೋಗದಲ್ಲಿ ಷರಾ ಕಾಲಮು ಖಾಲಿ ಇರುವ ಹಾಳೆ ಎಂದರೆ ಕಚೇರಿಗೆ ಹೋಗುವ ಹಾಳೆ. ಅದನ್ನು ತಾವು ತುಂಬುತ್ತೀರಿ. ಬರೆಯುವವರು ಅಲ್ಲಿ ಪೆನ್ನು ಮುಟ್ಟಿಸುವುದಿಲ್ಲ. ಅದೇ ದಿನ ಮಲಕಾಜಪ್ಪನವರು ಹನ್ನೆರಡು ಆಡುಗಳಿಗೆ ಶೆಡ್ಡು ಕೇಳಲು ಬಂದಿದ್ದರು. ಅವರ ಪಟ್ಟಿ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದೆ. ಲಗತ್ತಿಸುವಾಗ ಮೇಲಿನ ಹಾಳೆ ತೆಗೆದು ಸಾಲು ಎಣಿಸಿದೆ. ಹನ್ನೆರಡು ಇದ್ದವು. ಷರಾ ಖಾಲಿ ಇತ್ತು. ಟಾಚಣಿ ಚುಚ್ಚಿ ಕೊಟ್ಟೆ.

೫. ತಮ್ಮ ಕಚೇರಿಯಲ್ಲೂ ಎಣಿಸಿ ಹನ್ನೆರಡು ಸರಿಯಾಗಿದೆ ಎಂದು ಆವಕ ಸಂಖ್ಯೆ ಕೊಟ್ಟಿರುತ್ತಾರೆ. ಆದ್ದರಿಂದ ತಪ್ಪಿನಲ್ಲಿ ಅರ್ಧ ಮಾತ್ರ ನನ್ನದೆಂದು ಭಾವಿಸಲು ಕೋರುತ್ತೇನೆ.

೬. ತರುವಾಯ ಚೇತನಕುಮಾರ ಸಾಹೇಬರು ಸ್ಥಳ ತನಿಖೆಗೆ ಕನಮಡಿಗೆ ದಯಮಾಡಿಸಿ, ಪಟ್ಟಿ ತೆರೆದು, ಆಲ್ಬಮ್‌ಗಳನ್ನು ಹಾಜರುಪಡಿಸಲು ಸೂಚಿಸಿದರು. ಆಗ ಸಾಹೇಬರಿಗೂ ಮಲಕಾಜಪ್ಪನವರಿಗೂ ನಡೆದ ಮಾತುಕತೆಯನ್ನು ಮಲಕಾಜಪ್ಪನವರ ಮನೆಯವರಾದ ಸಕ್ರವ್ವನವರು ನನಗೆ ಹೇಳಿದಂತೆ ಕೆಳಗೆ ಬರೆದಿದೆ.

"ಸಾಹೇಬ್ರ, ಆಡು ಇಲ್ಲೇ ನಿಂತಾವಲ್ರಿ. ಎಣಸ್ಕೋರಿ."

"ಆಡು ಕಾಣ್ತಾವ್ರಿ. ಪಟ್ಟಿಯೊಳಗ ಆಡು ಇಲ್ಲ. ಪಟ್ಟಿಯೊಳಗ ಇದ್ದದ್ದು ನಾ ನೋಡಬೇಕು."

"ಅವು ಹಾಡಂತ್ರಿ. ಹೆಂಗ ನೋಡ್ತೀರಿ?"

"ಹಂಗಾರ ಕೇಳ್ತೀನಿ. ತರಸ್ರಿ."

೭. ಫೋನು ಬಂದ ಕೂಡಲೇ ನಾನು ನಸ್ರೀನಳನ್ನು ಕರೆದುಕೊಂಡು, ಅವಳ ಫೋನು ಮತ್ತು ತಂಬಿಗೆಯಷ್ಟು ದೊಡ್ಡ ಸ್ಪೀಕರಿನ ಸಮೇತ ಕನಮಡಿಗೆ ಹೋದೆ. ಬಸ್ಸಿನಲ್ಲಿ ಆಕೆ ಸಿಟ್ಟಾಗಿರಲಿಲ್ಲ. "ಕಡೀಕ ಕೇಳ್ತಿ ನೋಡು" ಎಂದು ಎರಡು ಸಲ ನಕ್ಕಳು. ಇದನ್ನು ವಿಶೇಷವಾಗಿ ತಮ್ಮ ಗಮನಕ್ಕೆ ತರಬಯಸುತ್ತೇನೆ.

೮. ಹನ್ನೊಂದು ಗಂಟೆಗೆ ಆಡುಗಳ ನಡುವೆ ತನಿಖೆ ಆರಂಭವಾಯಿತು. ಸಾಹೇಬರು ಬಕೆಟ್ಟನ್ನು ಬೋರಲು ಹಾಕಿ ಕುಳಿತರು. ಷರಾ ಕಾಲಮಿನಲ್ಲಿ ಅವರು ತುಂಬಿದ್ದರಲ್ಲಿ, ನಾನು ಆಮೇಲೆ ವರದಿಯಲ್ಲಿ (ಉಲ್ಲೇಖ ೨) ಓದಿ ನೆನಪಿಟ್ಟುಕೊಂಡಷ್ಟು:

ಕ್ರ.ಸಂ. ೧: ಶಿಲಾಂಗದ ಮೂವರು ಹುಡುಗಿಯರು. ಡ್ರಮ್ ಒಂದು, ಸುಸ್ಥಿತಿಯಲ್ಲಿದೆ. ಗಾಯಕಿಗೆ ನೆಗಡಿ ಇರುವ ಸಂಶಯ.

ಕ್ರ.ಸಂ. ೩: ಗಿಟಾರು ಕೆಟ್ಟಿದೆಯೆಂದು ಆಕ್ಷೇಪಿಸಲಾಯಿತು. ಕೆಟ್ಟಿಲ್ಲ, ಬೇಕೆಂದೇ ಹಾಗೆ ಗೊರಗುಟ್ಟಿಸುವುದೆಂದು ಹುಡುಗಿ ವಿವರಣೆ ನೀಡಿದಳು. ವಿವರಣೆ ಅಂಗೀಕರಿಸಿದೆ.

ಕ್ರ.ಸಂ. ೪: ಹಾಡುವವನಿಗೆ ಹಾಸಿಗೆಯಿಂದ ಏಳಲೂ ಮನಸ್ಸಿಲ್ಲವೆಂದು ಕಂಡುಬರುತ್ತದೆ. ಆದಾಗ್ಯೂ ಆಡುಗಳು ಮೇವು ಬಿಟ್ಟು ಅತ್ತ ನೋಡಿದ್ದನ್ನು ದಾಖಲಿಸಿದೆ.

ಕ್ರ.ಸಂ. ೬: ಹನ್ನೊಂದು ನಿಮಿಷದ ಹಾಡೊಂದಿದ್ದು, ಅದರಲ್ಲಿ ಏಳು ನಿಮಿಷ ಯಾರೂ ಹಾಡುವುದಿಲ್ಲ. ಕಾರಣ ಕೇಳಿ ನೋಟಿಸು ನೀಡಬಹುದಾಗಿತ್ತು. ನೀಡಿಲ್ಲ.

ಕ್ರ.ಸಂ. ೭: ಐದನೇ ಹಾಡನ್ನು ಪರಿಶೀಲಿಸಲಾಯಿತು. ಪುನಃ ಪರಿಶೀಲಿಸಲಾಯಿತು. ಪುನಃ.

೯. ಏಳನೆಯದು ಮುಗಿಯುವ ಹೊತ್ತಿಗೆ ಸ್ಪೀಕರಿನ ಚಾರ್ಜು ಮುಗಿದು, ಊರಲ್ಲಿ ಕರೆಂಟೂ ಇಲ್ಲದ ಕಾರಣ ತನಿಖೆಯನ್ನು ಮುಂದೂಡಲಾಯಿತು. ಪಟ್ಟಿಯನ್ನು ಮೊಹರು ಹಾಕಿ ದಫ್ತರಕ್ಕೆ ಒಯ್ದರು.

೧೦. ಈಗ ಹೇಳಲೇಬೇಕಾದ ಸಂಗತಿ. ನಾನು ಸ್ಥಳದಲ್ಲಿ ಹಾಜರಿದ್ದೆ, ಆದರೆ ಕೇಳಿರುವುದಿಲ್ಲ. ನಾನು ಬಂದ ಸುದ್ದಿ ತಿಳಿದು ಊರಿನವರು ಕಾಗದ ಹಿಡಿದು ಆಡು ಕಟ್ಟುವ ಹಿತ್ತಲಿನ ತಗಡಿನ ಮರೆಯ ಹೊರಗೆ ಸೇರಿದರು. ಒಬ್ಬರ ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿತ್ತು. ಒಬ್ಬರ ಬಾವಿ ಪಹಣಿಯಲ್ಲಿ ಇರಲಿಲ್ಲ. ಒಬ್ಬ ಮುದುಕರು ತಾವು ಬದುಕಿದ್ದೇವೆಂದು ಅರ್ಜಿ ಕೊಡಬೇಕಾಗಿತ್ತು. ಅವರಿಗೆ ಹೇಗೆ ಇಲ್ಲ ಎನ್ನಲಿ? "ಒಂದ ನಿಮಿಷ ಬಂದೆ" ಎಂದು ಮಗಳಿಗೆ ಹೇಳಿ ಹೊರಗೆ ಕುಳಿತವಳು ಹನ್ನೊಂದು ಅರ್ಜಿ ಬರೆದೆ. ತಗಡಿನ ಆಚೆ ಏನೋ ಬಾರಿಸುತ್ತಿದ್ದದ್ದು ಗೊತ್ತು. ಆರನೆಯ ಅರ್ಜಿಯ ಹೊತ್ತಿಗೆ ಸಕ್ರವ್ವನವರು ಹೊರಗೆ ಬಂದು ಸೆರಗಿನಿಂದ ಮೂಗು ಒರೆಸಿಕೊಂಡರು. "ಏನ್ ಆಗೈತ್ರಿ ಸಕ್ರವ್ವಾರ?" ಎಂದೆ. "ಭಾಷಾ ತಿಳೀಲಿಲ್ಲ ತಂಗಿ, ಆದ್ರ ಆ ಹಾಡೂ ಆಕೀದು ಏನೋ ಕಳದೈತಿ" ಎಂದರು. ನಾನು ಹೌದೌದೆಂದು ಸಹಿ ಮಾಡುವ ಜಾಗ ತೋರಿಸುತ್ತಿದ್ದೆ.

೧೧. ಸಂಜೆ ಬಸ್ ನಿಲ್ದಾಣದಲ್ಲಿ ಮಗಳು ಹೇಳಿದ್ದು (ಉಲ್ಲೇಖ ೩):

"ಅಮ್ಮೀ, ಪಟ್ಟಿ ನಿನಗಂತ ಮಾಡಿದ್ದೆ. ಕಚೇರಿಯವ್ರು ಕೇಳಿದ್ರು, ಮಲಕಾಜಪ್ಪ ಕಾಕಾ ಕೇಳಿದ, ಸಕ್ರವ್ವ ಕಾಕು ಅತ್ಲು, ಹನ್ನೆರಡು ಆಡು ಕೇಳಿದ್ವು. ನೀ ಹೊರಗ ಇದ್ದಿ."

"ಬಾಕಿ ಐದು ಅದಾವಲ್ಲ, ನಾಳೆ ಇಬ್ಬರೂ ಕೂಡಿ..."

"ಮತ್ತ ನಾಳೆ ಅಂದಿ ನೋಡು."

"ಹೆಸರರೆ ಹೇಳವ್ವಾ."

"ಪಟ್ಟಿಯಾಗ ಅದಾವ. ಪಟ್ಟಿ ದಫ್ತರದಾಗ ಐತಿ. ಅರ್ಜಿ ಹಾಕು."

ಅಂದಿನಿಂದ ಮಗಳು "ಉಪ್ಪು ಕಡಿಮಿ", "ಹೊಂಟೆ", "ಬಂದೆ" ಇವಿಷ್ಟೇ ಮಾತುಗಳನ್ನು ಬಳಸುತ್ತಿದ್ದಾಳೆ. ಪಟ್ಟಿಗೆ ನಕಲು ಇರುವುದಿಲ್ಲ. ಆ ಕಾರಣಕ್ಕಾಗಿ ಈ ಅರ್ಜಿ.

೧೨. ಈ ನಡುವೆ ತಮ್ಮ ಕಚೇರಿಯಿಂದ "ಏಳು ಮಂಜೂರು, ಐದು ತನಿಖೆಗೆ ಬಾಕಿ" ಎಂಬ ಆದೇಶ ಬಂದಿರುತ್ತದೆ. ಮಲಕಾಜಪ್ಪನವರು ಕಾನೂನಿಗೆ ಹೆದರುವವರಾದ್ದರಿಂದ ಏಳು ಆಡುಗಳನ್ನು ನೆರಳಿಗೆ, ಐದನ್ನು ಬಿಸಿಲಿಗೆ ಕಟ್ಟಿದ್ದಾರೆ. ದಿನಾ ಫೋನು ಮಾಡಿ "ತಸ್ಲೀಮಾ, ಆ ಐದು ಹಾಡು ಲಗೂ ಕೇಳಸವಾ, ಹೋತ ಮಾರಿ ತಿರುವಾಕತ್ತೈತಿ" ಎನ್ನುತ್ತಾರೆ. ಹೋತದ ಮನಸ್ಸನ್ನು ನಾನು ಬಲ್ಲೆ. ನಮ್ಮ ಮನೆಯಲ್ಲೂ ಅದೇ ಪರಿಸ್ಥಿತಿ ಇದೆ.

೧೩. ಷರಾ ಕಾಲಮಿನಲ್ಲಿ ಒಮ್ಮೆ ಅಧಿಕಾರಿಗಳ ಸಹಿ ಬಿದ್ದ ಮೇಲೆ ಬೇರೆಯವರು ಬರೆಯುವಂತಿಲ್ಲ ಎಂಬ ನಿಯಮ ನನಗೆ ಗೊತ್ತು. ನೂರಾರು ಜನರಿಗೆ ನಾನೇ ಹೇಳಿದ್ದೇನೆ. ಸಾಹೇಬರ ಷರಾಗಳಿಗೆ ನನ್ನ ತಕರಾರು ಇಲ್ಲ. ಕೇಳದೆ ಒಂದೂ ಮಾತು ಬರೆದಿಲ್ಲವೆಂಬುದು ಓದಿದರೆ ತಿಳಿಯುತ್ತದೆ. ನಾನಾಗಿದ್ದರೆ ಹನ್ನೆರಡಕ್ಕೂ "ಚಲೋ ಐತಿ" ಎಂದು ಬರೆದು ಮುಗಿಸುತ್ತಿದ್ದೆನೇನೋ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಗಣಿಸಿ ತಾವು ದಯಮಾಡಿ:

ಅ) ಮಗಳ ಪಟ್ಟಿಯನ್ನು ಮರಳಿಸಿ, ಅದರ ಬಲಗಡೆ ಉಳಿದಿರುವ ಎರಡು ಬೆರಳಿನಷ್ಟು ಜಾಗದಲ್ಲಿ "ತಾಯಿಯ ಷರಾ" ಎಂಬ ಐದನೇ ಕಾಲಮು ಎಳೆಯಲು ಅನುಮತಿ ನೀಡಬೇಕು. ಗೆರೆಯನ್ನು ಮಗಳೇ ಎಳೆಯತಕ್ಕದ್ದು.

ಆ) ಮುಂದಿನ ತನಿಖೆಗೆ ನನ್ನನ್ನು ಖುದ್ದು ಹಾಜರಿರಲು ನೋಟಿಸು ಕಳಿಸಬೇಕು. ನೋಟಿಸು ಬಂದರೆ ಮಾತ್ರ ನಾನು ಒಂದು ದಿನ ಮೇಜು ಮುಚ್ಚುತ್ತೇನೆ. ಹಾಗೇ ಮುಚ್ಚುವುದು ನನಗೆ ಬರುವುದಿಲ್ಲ.

ಇ) ಐದೂ ಆಲ್ಬಮ್ ಮುಗಿದ ಮೇಲೆ ಮೊದಲಿನ ಏಳನ್ನೂ ನನ್ನ ಮಟ್ಟಿಗೆ ಮರುತನಿಖೆ ಮಾಡಬೇಕು. ಆಡುಗಳ ಹಾಜರಿ ಕಡ್ಡಾಯವಲ್ಲ.

ಹೀಗೆಂದು ಎದುರಿನ ಗಿಡದಿಂದ ಬೇಡಿಕೊಳ್ಳುವ,

ಐದು ಆಲ್ಬಮ್‌ಗಳ ಹೆಸರೂ ಗೊತ್ತಿಲ್ಲದ
ತಮ್ಮ ವಿಶ್ವಾಸಿ,
ತಸ್ಲೀಮ

ಲಗತ್ತುಗಳು (ಮೂರು ಸಲ ತಿರುವಿ ನೋಡಿದೆ):
೧. ಮಲಕಾಜಪ್ಪನವರ ಹನ್ನೆರಡು ಆಡುಗಳ ನಿಜವಾದ ಪಟ್ಟಿ, ಕಿವಿಯ ಗುರುತು ಸಹಿತ.
೨. ನನ್ನ ಆಧಾರ್ ನಕಲು.
೩. ಮಗಳ ಒಪ್ಪಿಗೆ ಪತ್ರ: ಕೇಳಿದ್ದೇನೆ. "ನೋಡೂಣು" ಎಂದಿದ್ದಾಳೆ. ಹೊಸ ಮಾತಾದ್ದರಿಂದ ಇಲ್ಲಿ ನಮೂದಿಸಿದೆ.

ವಿಶೇಷ ಸೂಚನೆ: ತನಿಖೆಯ ದಿನ ಕನಮಡಿಯವರು ಮತ್ತೆ ಕಾಗದ ಹಿಡಿದು ಬರುವರು, ನಾನು ಮತ್ತೆ ಇಲ್ಲವೆನ್ನಲಾರೆ. ಕಾರಣ ಅಂದು ಬೆಳಿಗ್ಗೆಯೇ ಚೇತನಕುಮಾರ ಸಾಹೇಬರು ನನ್ನ ಎರಡೂ ಪೆನ್ನುಗಳನ್ನು ಜಪ್ತಿ ಮಾಡಿ, ಸಂಜೆಯವರೆಗೆ ತಮ್ಮ ಜೇಬಿನಲ್ಲಿಟ್ಟುಕೊಂಡು, ನನಗೆ ರಸೀದಿ ಕೊಡಬೇಕಾಗಿ ವಿನಂತಿ.