ಹಂಚಿ ತಿಂದ ಗುಳಿಗೆ

ನಮ್ಮ ಓಣಿಯ ಜನ ನನ್ನನ್ನು ಪರೋಪಕಾರಿ ಎಂದು ತಿಳಿದಿದ್ದಾರೆ. ಮೊದಮೊದಲು ಹಾಗೇನಿಲ್ಲ ಎನ್ನುತ್ತಿದ್ದೆ. ಹಾಗೆಂದಷ್ಟೂ ಅದನ್ನು ವಿನಯವೆಂದುಕೊಂಡು ಇನ್ನಷ್ಟು ಹೊಗಳುತ್ತಾರೆಂದು ಗೊತ್ತಾದ ಮೇಲೆ ಸುಮ್ಮನಾದೆ. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತನಾಗಿ ತಲೆ ಬೆಳ್ಳಗಾದವನು ನಾನು. ಲಾರಿಗೆ ಎಷ್ಟು ಕಲ್ಲು ಏರಿತು, ಎಷ್ಟು ಒಡೆಯಿತು ಎಂದು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಪರೋಪಕಾರಕ್ಕೆ ಅದರಲ್ಲಿ ಜಾಗವಿಲ್ಲ. ಜೀವಮಾನದಲ್ಲಿ ನಾನು ಮಾಡಿದ ಒಂದೇ ಉಪಕಾರವನ್ನು ಶುದ್ಧ ಸ್ವಾರ್ಥದಿಂದ ಮಾಡಿದೆ. ಸ್ವಾರ್ಥ ಕೈಗೂಡಲಿಲ್ಲ, ಉಪಕಾರ ಮಾತ್ರ ಉಳಿದುಕೊಂಡಿತು.

ಆಗ ನಮ್ಮ ಕಡೆ ಮುದುಕರಿಗೆ ಬರುವ ರೋಗಗಳು ಬಹಳ ಇರಲಿಲ್ಲ. ತಲೆ ತಿರುಗಿದರೆ ಪಿತ್ತ, ಎದೆ ಹೊಡೆದುಕೊಂಡರೆ ವಾಯು, ಉಳಿದದ್ದಕ್ಕೆಲ್ಲ 'ವಯಸ್ಸಾತು'. ಈ ವಯಸ್ಸಾತು ಎಂಬ ರೋಗ ಮನೆಮಂದಿಗೆಲ್ಲ ಅನುಕೂಲವಾದದ್ದು. ಅದಕ್ಕೆ ಔಷಧ ತರಬೇಕಿಲ್ಲ, ದವಾಖಾನೆಗೆ ಅಲೆಯಬೇಕಿಲ್ಲ. ನನ್ನ ಹೆಂಡತಿ ಶರಣಮ್ಮ ನಳದ ಹತ್ತಿರ ಕೊಡ ಎತ್ತುವಾಗ ತಲೆ ತಿರುಗಿ ಬಿದ್ದಳು. ಓಣಿಯವರು ವಯಸ್ಸಾತು ಎಂದರು. ನನಗೆ ಮಾತ್ರ ಧೈರ್ಯ ಸಾಲದೆ ರೈಲು ಹತ್ತಿಸಿ ಹೈದರಾಬಾದಿಗೆ ಕರೆದೊಯ್ದೆ. ಅಲ್ಲಿಯ ಡಾಕ್ಟರರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ರಕ್ತದ ಒತ್ತಡ ಬಹಳ ಇದೆ, ಮುಂಜಾನೆ ಒಂದು ಸಂಜೆ ಒಂದು ಗುಳಿಗೆ, ಜೀವ ಇರುವತನಕ ಬಿಡಬಾರದು ಎಂದರು. ತಿರುಗಿ ಬರುವಾಗ ಶರಣಮ್ಮ, ವಾಸಿಯಾಗದ ರೋಗಕ್ಕೆ ಔಷಧ ಯಾಕೆ ಎಂದು ಕೇಳುತ್ತ, ಎದುರಿಗೆ ಕುಳಿತ ಗುರುತಿಲ್ಲದ ಹೆಣ್ಣುಮಗಳಿಗೆ ತನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು. ಆಗಲೇ ನನಗೆ ತಿಳಿಯಬೇಕಿತ್ತು.

ನಮ್ಮಲ್ಲಿ ಒಬ್ಬರ ಎದುರಿಗೆ ಒಬ್ಬರು ಸುಮ್ಮನೆ ಬಾಯಾಡಿಸುವ ಪದ್ಧತಿ ಇಲ್ಲ. ಉಣ್ಣುವಾಗ ಯಾರಾದರೂ ಬಂದರೆ ಬರ್ರಿ ಉಣ್ಣೋಣು ಎನ್ನಬೇಕು. ಬಂದವರು, ಹಿಂದಿನ ದಿನದಿಂದ ಉಪವಾಸವಿದ್ದರೂ, ಈಗೇ ಉಂಡು ಬಂದೀನಿ ನಡೀಲಿ ಎನ್ನಬೇಕು. ಕರೆಯುವವರಿಗೂ ನಷ್ಟವಿಲ್ಲ, ಬಂದವರಿಗೂ ಅವಮಾನವಿಲ್ಲ. ಹಿರಿಯರು ಅನ್ನಕ್ಕೆ, ಚಹಾಕ್ಕೆ, ಎಲೆ ಅಡಿಕೆಗೆ, ಎಲ್ಲದಕ್ಕೂ ಬೇಡವೆನ್ನುವ ಮಾತನ್ನು ಮಾಡಿಟ್ಟು ಹೋಗಿದ್ದಾರೆ. ಗುಳಿಗೆಗೆ ಮಾತ್ರ ಮಾಡಿಟ್ಟಿರಲಿಲ್ಲ. ಮುಂಜಾನೆ ನಮ್ಮ ಕಟ್ಟೆಯ ಮೇಲೆ ಎದುರುಮನೆಯ ಖಾಜಾಬಿ, ಮೂಲೆಮನೆಯ ಬಾಲಮ್ಮ ಬಂದು ಕೂರುತ್ತಿದ್ದರು. ಇಬ್ಬರಿಗೂ ತಲೆ ಸುತ್ತುತ್ತಿತ್ತು, ಕಾಲು ಬಾತುಕೊಳ್ಳುತ್ತಿತ್ತು. ಶರಣಮ್ಮ ಗುಳಿಗೆ ಕೈಗೆ ತೆಗೆದುಕೊಂಡು, ಖಾಜವ್ವ ನೀ ಒಂದು ಚೂರು ತೊಗೋ ಎನ್ನುತ್ತಿದ್ದಳು. ಖಾಜಾಬಿ ಈಗೇ ತಿಂದು ಬಂದೀನಿ ಎಂದು ಹೇಗೆ ಅಂದಾಳು? ಅಡಕೊತ್ತಿನಿಂದ ಗುಳಿಗೆ ಮೂರು ತುಂಡಾಗುತ್ತಿತ್ತು. ಕಲ್ಲು ಕಡಿಯುವವರು ಕೂಡ ಅಷ್ಟು ಸಮನಾಗಿ ಕಡಿಯುವುದನ್ನು ನಾನು ನೋಡಿಲ್ಲ.

ಇದು ನನಗೆ ತಿಳಿಯುವಷ್ಟರಲ್ಲಿ ಖಾಜಾಬಿಗೆ ನಿದ್ದೆ ಹತ್ತುತ್ತಿತ್ತು, ಬಾಲಮ್ಮನ ಮೊಣಕಾಲು ನೋವು ಇಳಿದಿತ್ತಂತೆ. ಸುಧಾರಿಸದೆ ಉಳಿದವಳು ಯಾರ ಹೆಸರಿಗೆ ಗುಳಿಗೆ ಬಂದಿತ್ತೋ ಅವಳೊಬ್ಬಳೇ. ಅದು ಹೋಳಿಗೆಯಲ್ಲ ಎಂದು ರೇಗಿದೆ. ಒಳಗೆ ಹೋಗಿ ತಿನ್ನು ಎಂದೆ.

"ಆಕಿ ಹೊರಗ ತಲಿ ಹಿಡ್ಕೊಂಡು ಕುಂತಾಳ, ನಾ ಒಳಗ ಕಳ್ಳರಂಗ ನುಂಗಬೇಕೇನ್ರಿ?" ಎಂದಳು. "ಹಂಗ ಬದುಕಿ ಏನು ಮಾಡಬೇಕಾಗ್ಯದ?"

ವಾದದಲ್ಲಿ ಅವಳನ್ನು ನಾನು ಎಂದೂ ಗೆದ್ದವನಲ್ಲ. ಹಾಗಾಗಿ ಬೇರೆ ಉಪಾಯ ಹುಡುಕಿದೆ. ಆ ಇಬ್ಬರಿಗೂ ಅವರವರದೇ ಗುಳಿಗೆ ಸಿಕ್ಕರೆ ನನ್ನ ಹೆಂಡತಿಯದು ಅವಳ ಹೊಟ್ಟೆಗೇ ಹೋಗುತ್ತದಲ್ಲ! ಇಬ್ಬರನ್ನೂ ಟಾಂಗಾದಲ್ಲಿ ಕೂರಿಸಿಕೊಂಡು ಸರಕಾರಿ ದವಾಖಾನೆಗೆ ಹೋದೆ. ಅಲ್ಲಿ ಜ್ವರದವರು, ಕಲ್ಲಿನ ಖಣಿಯಲ್ಲಿ ಬೆರಳು ಜಜ್ಜಿಕೊಂಡವರು, ಚೇಳು ಕಡಿದವರು. ಈ ಮುದುಕಿಯರ ಪಾಳಿ ಬರುವುದರೊಳಗೆ ಹೊತ್ತು ಮುಗಿಯುತ್ತಿತ್ತು. ಹೊಸದಾಗಿ ಬಂದ ತೆಲುಗು ಡಾಕ್ಟರರನ್ನು ಹಿಡಿದು, ವಾರಕ್ಕೊಂದು ಮಧ್ಯಾಹ್ನ ಮುದುಕರನ್ನಷ್ಟೇ ನೋಡಿರೆಂದು ನನ್ನ ಹರಕುಮುರುಕು ತೆಲುಗಿನಲ್ಲಿ ಕೇಳಿಕೊಂಡೆ. ಇವರು ವಾಸಿಯಾಗುವುದೇ ಇಲ್ಲ, ವಾರವಾರವೂ ಬರುತ್ತಾರೆ ಎಂದು ಅವರು ನಕ್ಕರು. ಅದಕ್ಕೇ ವಾರಕ್ಕೊಮ್ಮೆ ಕೇಳುತ್ತಿದ್ದೇನೆ ಎಂದೆ. ಒಳ್ಳೆಯವರು, ಒಪ್ಪಿದರು. ಗುಳಿಗೆ ತರಿಸಲು ಮೇಲಿನವರಿಗೆ ಬರೆದರು. ನಮ್ಮ ಸಾಹುಕಾರರನ್ನು ಕಾಡಿ, ಅಂಚು ಮುರಿದ ಫರಸಿಗಳನ್ನು ತಂದು ಬೇವಿನ ಮರದ ಕೆಳಗೆ ಕೂರಲು ಹಾಕಿಸಿದೆ. ದಿನ ಗುರುವಾರವೆಂದು ನಿಗದಿಯಾಯಿತು.

ಪರೀಕ್ಷೆ ಮಾಡಿದರೆ ಖಾಜಾಬಿಯ ಒತ್ತಡ ನನ್ನ ಹೆಂಡತಿಯದಕ್ಕಿಂತ ಹೆಚ್ಚಿತ್ತು. ಬಾಲಮ್ಮನಿಗೆ ಸಕ್ಕರೆ ರೋಗ. ಇದನ್ನು ಮನೆಗೆ ಬಂದು ಹೇಳಿದಾಗ ಶರಣಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ನಾ ಅಂದಿದ್ದಿಲ್ಲೇನ್ರಿ? ನೀವು ಗುಮಾಸ್ತರು. ಒಡೆದ ಮ್ಯಾಲ ಬರ್ಕೊಳ್ಳೋರು."

ಅಂದಿನಿಂದ ಅವಳ ಗುಳಿಗೆ ಇಡಿಯಾಗಿ ಅವಳಿಗೇ ದಕ್ಕಿತು. ನಾನು ಗೆದ್ದೆನೆಂದು ತಿಳಿದೆ. ಆದರೆ ಗುಳಿಗೆ ತಿಂದರಷ್ಟೇ ಸಾಲದು, ಆಗಾಗ ತೋಳಿಗೆ ಪಟ್ಟಿ ಕಟ್ಟಿಸಿ ನೋಡಿಸಿ, ಹೆಚ್ಚುಕಡಿಮೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರರ ಆಜ್ಞೆಯಿತ್ತು. ಅಷ್ಟರಲ್ಲಿ ಗುರುವಾರದ ಸುದ್ದಿ ಹಬ್ಬಿ ಬೊಮ್ರಾಸಪೇಟೆಯ ಕಡೆಯಿಂದಲೂ ಮುದುಕರು ಬರತೊಡಗಿದರು. ಶರಣಮ್ಮ ಪ್ರತಿ ಗುರುವಾರ ತಪ್ಪದೆ ಹೋಗುತ್ತಿದ್ದಳು. ಅವಳ ಪಾಳಿ ಬಂದ ಕೂಡಲೇ ಹಿಂದಿನವರ ಮುಖ ನೋಡುತ್ತಿದ್ದಳು. ಒಬ್ಬಳು ಬಸ್ಸಿಗೆ ಹೋಗಬೇಕು, ಒಬ್ಬನಿಗೆ ದಮ್ಮು ಹತ್ತಿದೆ, ಮತ್ತೊಬ್ಬಳನ್ನು ಸೊಸೆ ಬೈಯುತ್ತಾಳೆ. ನಾನೇನು ಇಲ್ಲಿಯಾಕಿ, ನೀ ಮೊದಲ ಹೋಗವ್ವ ಎನ್ನುವಳು. ನಾನು ಪಕ್ಕದಲ್ಲಿ ನಿಂತು ಸೆರಗು ಜಗ್ಗಿದರೆ, ಮಂದಿಯೊಳಗೆ ನನ್ನ ಮಾನ ಕಳೆಯಬೇಡಿರೆಂದು ಪಿಸುಗುಡುವಳು. ಡಾಕ್ಟರರು ಕೈ ತೊಳೆದು ಏಳುವ ಹೊತ್ತಿಗೆ ನಾವಿಬ್ಬರೂ ಫರಸಿಯ ಮೇಲೆ ಉಳಿದಿರುತ್ತಿದ್ದೆವು. ದಾರಿಯುದ್ದಕ್ಕೂ ಅವಳು ಯಾರ್ಯಾರಿಗೆ ಎಷ್ಟು ಗುಣವಾಗಿದೆ ಎಂದು ಹೇಳುತ್ತಿದ್ದಳು.

ಒಂದು ಸೋಮವಾರ ಮುಂಜಾನೆ ಒಲೆಯ ಮುಂದೆ ಅವಳಿಗೆ ಲಕ್ವ ಹೊಡೆಯಿತು. ಡಾಕ್ಟರರು ತಾವಾಗಿ ಮನೆಗೆ ಬಂದರು. ಕಡೆಯ ಸಲ ಯಾವಾಗ ತೋರಿಸಿದ್ದು ಎಂದು ಕೇಳಿದರು. ವಾರವಾರವೂ ಬರುತ್ತಿದ್ದಳು ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ. ಮರುದಿನ ಹೋದಳು.

ಹೆಂಗಸರು ಬಂದು ಅತ್ತರು. ಒಬ್ಬರ ಕೈಯಿಂದ ಮಾಡಿಸಿಕೊಳ್ಳದೆ ಹೋದಳು, ಪುಣ್ಯವಂತಿ ಎಂದರು. ನಾನು ಮಾಡಲು ತಯಾರಿದ್ದೆ, ಯಾರೂ ಕೇಳಲಿಲ್ಲ. ಖಾಜಾಬಿ ಎದೆ ಬಡಿದುಕೊಂಡು ಓಣಿಗೆಲ್ಲ ಕೇಳುವಂತೆ ಅಳುತ್ತಿದ್ದಳು. ಆ ದನಿಯ ಶಕ್ತಿಯಲ್ಲಿ ಒಂದಿಷ್ಟು ನಮ್ಮ ಮನೆಯದು ಎಂದುಕೊಂಡೆ. ಅಂಥ ಹೊತ್ತಿನಲ್ಲಿ ಮನುಷ್ಯನ ತಲೆಗೆ ಇಂಥವೇ ಬರುತ್ತವೆ.

ಗುರುವಾರ ಈಗಲೂ ನಡೆಯುತ್ತಿದೆ. ಫರಸಿ ಸಾಲದೆ ಜನ ನೆಲದ ಮೇಲೆ ಕೂರುತ್ತಾರೆ. ಹೋದ ತಿಂಗಳು ಖಾಜಾಬಿ ನಮ್ಮ ಬಾಗಿಲಿಗೆ ಬಂದು, "ಅಣ್ಣಾ, ಮುಖ ಭಾಳ ಇಳಿದದ. ನಡೀರಿ, ಒಮ್ಮೆ ತೋರಿಸ್ಕೊಳ್ರಿ" ಎಂದು ಬಿಡದೆ ಕರೆದುಕೊಂಡು ಹೋದಳು. ಡಾಕ್ಟರರು ಪಟ್ಟಿ ಸುತ್ತಿದರು, ಗಾಳಿ ಒತ್ತಿದರು, ಎದೆ ಕೇಳಿದರು, ನಾಲಗೆ ನೋಡಿದರು. ಆಮೇಲೆ ಬಹಳ ದಿನಗಳಿಂದ ಒಂದು ಒಳ್ಳೆಯ ಸುದ್ದಿ ಹೇಳಲು ಕಾಯುತ್ತಿದ್ದವರಂತೆ ನನ್ನ ಬೆನ್ನು ತಟ್ಟಿದರು. ನಿಮಗೆ ಏನೂ ಇಲ್ಲ, ಗುಂಡಿಗೆ ಕಲ್ಲಿನ ಹಾಗಿದೆ, ಇನ್ನೂ ಇಪ್ಪತ್ತು ವರ್ಷ ಚಿಂತೆಯಿಲ್ಲ ಎಂದರು.

ಆ ಇಪ್ಪತ್ತು ವರ್ಷಕ್ಕೇನಾದರೂ ಗುಳಿಗೆ ಇದೆಯೇ ಎಂದು ಕೇಳಬೇಕೆನಿಸಿತು. ಹಿಂದೆ ಬಹಳ ಜನ ಕಾಯುತ್ತಿದ್ದರು. ಎದ್ದು ಬಂದೆ.