ಸಂಖ ರಸ್ತೆಯ ಅಮೇರಿಕನ್ ಬೋರ್ಡು

ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನಿಗೆ ಇಂಥ ಪ್ರಸಂಗಗಳು ತಾವಾಗಿಯೇ ಗಂಟು ಬೀಳುತ್ತವೆ, ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟೆ. ಲಾರಿ ಕ್ಲೀನರ್ ಆದೆ, ಲಾರಿಗಳ ಬೆನ್ನ ಮೇಲೆ ಬಣ್ಣ ಬರೆಯುವುದು ಕಲಿತೆ, ಒಂದು ಬ್ಯಾಸಗಿ ಕುರಿ ಕಾಯುವವರ ಬೆನ್ನು ಹತ್ತಿ ತಿರುಗಿದೆ. ಈಗ ಜೀಪು ಹೊಡೆಯುತ್ತೇನೆ, ನಡುನಡುವೆ ಬೋರ್ಡು ಬರೆಯುತ್ತೇನೆ.

ಸುಟ್ಟ ಗಿರಣಿ

ಹೋದ ವರ್ಷ ಅಮೇರಿಕಾದ ಅಜ್ಜಾರೊಬ್ಬರು ನಮ್ಮ ಕಡೆಯ ವೀರಗಲ್ಲು ನೋಡಲು ಬಂದರು. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ತಿಳಿಸಲು ವಿಜಯಪುರದ ಒಬ್ಬ ಮಾಸ್ತರರು ಜೊತೆಗಿದ್ದರು. ಜೀಪು ನನ್ನದು. ಅಜ್ಜಾರು ತಮ್ಮೂರಲ್ಲಿ ರಸ್ತೆ ಬದಿಯ ಕಬ್ಬಿಣದ ಬೋರ್ಡುಗಳನ್ನು ನೋಡಿಕೊಳ್ಳುವವರಂತೆ. ಹಿಂದೆ ಎಲ್ಲಿ ಏನು ನಡೆದಿತ್ತೋ ಅಲ್ಲೇ ಕಂಬ ನೆಟ್ಟು, ಹೋಗಿ ಬರುವವರು ಓದಲಿ ಅಂತ ಬರೆದು ನಿಲ್ಲಿಸುತ್ತಾರಂತೆ.

ಏನಂತ ಬರೆದಿರುತ್ತದೆ ಅಂತ ಕೇಳಿದೆ. ಇಲ್ಲೊಂದು ಹಿಟ್ಟಿನ ಗಿರಣಿ ಇತ್ತು, ಸುಟ್ಟು ಹೋಯಿತು ಅಂತ ಒಂದು. ಮುಂದೆ? ಮುಂದೇನೂ ಇಲ್ಲ, ಅಷ್ಟೇ. ಇಲ್ಲೊಂದು ಸಾಲಿ ಇತ್ತು, ಒಂದೇ ಖೋಲಿ ಅಂತ ಇನ್ನೊಂದು.

"ಇದ್ದದ್ದು ಹೋಗಿದ್ದಕ್ಕೆಲ್ಲಾ ಬೋರ್ಡ ಹಾಕಿದ್ರ ನಮ್ಮ ಜತ್ತ ತಾಲೂಕಿಗೆ ಕಬ್ಬಣ ಸಾಲೂದಿಲ್ರಿ. ನಮ್ಮ ಸಾಲಿ ಮುಂದ ಒಂದ ಹಾಕ್ರಿ, ಇಲ್ಲಿಂದ ನಾ ಓಡಿ ಹೋದೆ ಅಂತ," ಅಂದೆ.

ಮಾಸ್ತರರು ಅದನ್ನೂ ಅಜ್ಜಾರಿಗೆ ಹೇಳಿಯೇ ಬಿಟ್ಟರು. ಅಜ್ಜಾರು ನಗಲಿಲ್ಲ. ಯಾವ ಇಸವಿ ಅಂತ ಕೇಳಿದರು.

ಒಂದು ರಾತ್ರಿ, ಎರಡು ಊರು

ಸಂಖದಿಂದ ತಿಕೋಂಡಿಗೆ ಹೋಗುವ ದಾರಿಯಲ್ಲಿ ನಾನು ಕಾಕು ಅಂತ ಕರೆಯುವ ಒಬ್ಬಾಕೆಯ ಚಹಾದ ಅಂಗಡಿ ಇದೆ. ಪಕ್ಕದಲ್ಲೇ ಒಂದು ವೀರಗಲ್ಲು. ತೊಳೆದ ಗ್ಲಾಸುಗಳನ್ನು ಕಾಕು ಅದರ ತಲೆಯ ಮೇಲೆ ಬೋರಲು ಹಾಕಿ ಒಣಗಿಸುತ್ತಾಳೆ. ಅಜ್ಜಾರು ಗ್ಲಾಸು ಸರಿಸಿ ಕಲ್ಲು ನೋಡಿದರು, ಆಮೇಲೆ ಚಹಾಕ್ಕೆ ಕೂತು ತಮ್ಮೂರ ಜಗಳ ಹೇಳಿದರು. ಅವರ ದೇಶದ ಅಧ್ಯಕ್ಷರೊಬ್ಬರು ಹಿಂದೆ ಆ ಕಡೆ ಬಂದು ಒಂದು ರಾತ್ರಿ ಮಲಗಿದ್ದರಂತೆ. ಅಕ್ಕಪಕ್ಕದ ಎರಡು ಊರುಗಳಲ್ಲಿ ಎರಡು ಬೋರ್ಡು. ಮಲಗಿದ್ದು ನಮ್ಮಲ್ಲೇ ಅಂತ ಎರಡೂ ಊರವರು ಹಟ ಹಿಡಿದಿದ್ದಾರೆ.

ಕಾಕು ಚಹಾ ಸೋಸುತ್ತ ಹೇಳಿದಳು: "ಮೊದಲನೇ ಊರಾಗ ತಗಣಿ ಕಡದಿರಬೇಕ್ರಿ. ಎದ್ದು ಎರಡನೇ ಊರಿಗೆ ಹೋಗ್ಯಾನ. ಅದಕ್ಕ್ಯಾಕ ಜಗಳಾ?"

ಅಜ್ಜಾರು ಕಿಸೆಯಿಂದ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ತಮ್ಮ ಕಮಿಟಿಯಲ್ಲಿ ಇಷ್ಟು ವರ್ಷ ಯಾರಿಗೂ ಇದು ಹೊಳೆದಿರಲಿಲ್ಲ ಅಂದರು.

ಗೊತ್ತಿದ್ದಷ್ಟೇ ಬರಿ

ಆದರೆ ಕಾಕುನ ಮನಸ್ಸು ಬೇರೆ ಕಡೆ ಇತ್ತು. ರಸ್ತೆ ಅಗಲ ಮಾಡುವವರು ಅವಳ ಒಲೆಯ ಆಚೆಗೆ ಕೆಂಪು ಗೆರೆ ಎಳೆದು ಹೋಗಿದ್ದರು. ಗೆರೆಯ ಈಚೆ, ರಸ್ತೆಯ ಕಡೆ ಇದ್ದದ್ದೆಲ್ಲ ತೆಗೆಯಬೇಕು. ಗಂಡ ಹೋದ ಮೇಲೆ ಅವಳ ಸಂಸಾರವೆಲ್ಲ ಆ ಒಲೆಯ ಮೇಲೇ ಇತ್ತು. ನಿಮ್ಮ ಕಡೆ ರಸ್ತೆ ಅಗಲ ಮಾಡುವಾಗ ಏನು ಮಾಡುತ್ತೀರಿ ಅಂತ ಅಜ್ಜಾರನ್ನು ಕೇಳಿದಳು. ಬೋರ್ಡು ಇದ್ದ ಜಾಗವನ್ನು ನಾವು ಮುಟ್ಟುವುದಿಲ್ಲ, ರಸ್ತೆಯೇ ಸುತ್ತು ಹಾಕುತ್ತದೆ ಅಂದರು ಅವರು.

ಅವರು ಹೋದ ಮರುದಿನವೇ ಕಾಕು ನನ್ನ ಮುಂದೆ ಒಂದು ತಗಡು ತಂದಿಟ್ಟಳು. ಏನು ಬರೆಯುವುದು? ಕಲ್ಲಿನ ಮೇಲೆ ಕತ್ತಿ ಹಿಡಿದವನೊಬ್ಬ, ಕೆಳಗೆ ದನ. ತಿಕೋಂಡಿಯ ಹಿರಿಯರು, ದನ ಕಾಯಲು ಹೋಗಿ ಸತ್ತ ಶೂರ ಅಂದರು. ಸಂಖದ ಹಿರಿಯರು, ದನ ಕದ್ದವನೇ ಇವನು ಅಂದರು. ಮಾಸ್ತರರಿಗೆ ಫೋನ್ ಹಚ್ಚಿದೆ. ಗೊತ್ತಿದ್ದಷ್ಟೇ ಬರಿ, ಅಜ್ಜಾರೂ ಹಾಗೇ ಮಾಡುತ್ತಾರೆ ಅಂದರು. ಬರೆದೆ.

ಕಾಕು ನೋಡಿ, "ಕೆಳಗ ಜಾಗಾ ಸುಮ್ನ ಉಳದೈತಲ್ಲೋ ತಮ್ಮಾ," ಅಂದು ಒಂದು ಸಾಲು ಹೆಚ್ಚಿಗೆ ಬರೆಸಿದಳು. ಕಡೆಗೆ ಕಲ್ಲಿನ ಪಕ್ಕ ನೆಟ್ಟ ಬೋರ್ಡು ಹೀಗಿತ್ತು: "ಇಲ್ಲಿ ಒಬ್ಬ ಸತ್ತ. ದನಗಳು ಉಳಿದವು. ಚಹಾ ಸಿಗುತ್ತದೆ."

ಗಾಡಿ ನಂಬರ್

ರಸ್ತೆ ಕೆಲಸದ ಮುಕಾದಮ ಬಂದು ಬೋರ್ಡು ಪೂರ್ತಿ ಓದಿದ. ಸತ್ತವನು ಸತ್ತ, ದನ ಉಳಿದವಲ್ಲ, ಮತ್ತೇನು ತಕರಾರು ಅಂದ. ಹಬ್ಬ ಆದ ಮೇಲೆ ಖಾಲಿ ಮಾಡು ಅಂತ ಕಾಕುಗೆ ಹೇಳಿ ಹೋದ. ಆ ಹೊತ್ತು ಅವಳು ಚಹಾಕ್ಕೆ ಸಕ್ಕರಿ ಹಾಕುವುದನ್ನೇ ಮರೆತಳು.

ಆದರೆ ಲಾರಿಯವರು ಅದನ್ನು ಬೇರೆ ಥರ ಓದಿದರು. ಒಬ್ಬ ಡ್ರೈವರ್ ಗಾಡಿ ನಿಲ್ಲಿಸಿ, ಬೋರ್ಡು ಓದಿ, ಟೊಪ್ಪಿಗಿ ತೆಗೆದು, ಯಾವ ಗಾಡಿ ಹೊಡೆದದ್ದು ಅಂತ ಮೆಲ್ಲಗೆ ಕೇಳಿದ. ಅಯ್ಯೋ, ಇದು ನೂರಾರು ವರ್ಷದ ಹಿಂದಿನ ಮಾತು ಅಂದೆ.

"ಇಷ್ಟ ವರ್ಷಾದ್ರೂ ಗಾಡಿ ನಂಬರ್ ಸಿಗಲಿಲ್ಲೇನ್ರಿ?" ಅಂದ.

ಕೀಲಿ

ಅಂಥ ಗತಿ ತನಗೆ ಬರದಿರಲಿ ಅಂತ ಆ ಡ್ರೈವರ್ ಬೋರ್ಡಿನ ಮುಂದೆ ಒಂದು ಕಾಯಿ ಒಡೆದು ಹೋದ. ಒಡೆದ ಕಾಯಿ ನೋಡಿ ಹಿಂದಿನ ಗಾಡಿಯವನು ಊದುಬತ್ತಿ ಹಚ್ಚಿದ. ಆಮೇಲೆ ಕುಂಕುಮ ಬಂತು, ಎಣ್ಣೆ ಬಂತು, ಲಿಂಬಿಹಣ್ಣು ಬಂತು. ತಿಕೋಂಡಿಯ ಹೆಣ್ಣುಮಕ್ಕಳು ರವಿಕೆ ಖಣ ಏರಿಸಿದರು. ಹಬ್ಬದ ಹೊತ್ತಿಗೆ ನಾನು ಬರೆದ ಒಂದು ಅಕ್ಷರವೂ ಕಾಣದಾಯಿತು. ಪಕ್ಕದ ನಿಜವಾದ ವೀರಗಲ್ಲಿನ ಮೇಲೆ ಮಾತ್ರ ಗ್ಲಾಸುಗಳು ತಮ್ಮ ಪಾಡಿಗೆ ಒಣಗುತ್ತಿದ್ದವು.

ಹಬ್ಬ ಮುಗಿದು ಬುಲ್ಡೋಜರ್ ಬಂತು. ಕಾಕು ಭಾಂಡೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಗೆ ನಿಂತಿದ್ದಳು. ಬುಲ್ಡೋಜರಿನವನು ಇಳಿದ, ಚಪ್ಪಲಿ ಬಿಟ್ಟ, ಬೋರ್ಡಿಗೆ ಕೈ ಮುಗಿದ, ಮತ್ತೆ ಹತ್ತಲೇ ಇಲ್ಲ. ಮುಕಾದಮ ಬೈದ.

"ನೀವ ಹೊಡೀರಿ ಸಾಹೇಬ್ರ. ಕೀಲಿ ಅದರಾಗೇ ಐತಿ," ಅಂದ ಅವನು.

ಮುಕಾದಮ ಬುಲ್ಡೋಜರ್ ನೋಡಿದ, ಬೋರ್ಡು ನೋಡಿದ. ತಾನೂ ಚಪ್ಪಲಿ ಬಿಟ್ಟ. ಆಮೇಲೆ ದೂರ ಹೋಗಿ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದ. ಕೆಂಪು ಗೆರೆ ಎದುರಿನ ದನ ಮೇಯುವ ಗಾಯರಾಣಕ್ಕೆ ಸರಿಯಿತು. ಈಗ ಸಂಖ ರಸ್ತೆ ಕಾಕುನ ಅಂಗಡಿ ಹತ್ತಿರ ಬಂದು ಬಳುಕಿ ಮುಂದೆ ಹೋಗುತ್ತದೆ.

ಮಾಸ್ತರರು ಫೋಟೋ ತೆಗೆದು ಅಜ್ಜಾರಿಗೆ ಕಳಿಸಿದರು. ರಸ್ತೆ ಸುತ್ತು ಹಾಕಿದ್ದು ನೋಡಿ ಅವರಿಗೆ ಬಹಳ ಸಂತೋಷವಾಯಿತಂತೆ. ಆದರೆ ಅಕ್ಷರ ಕಾಣುತ್ತಿಲ್ಲ, ಆ ಜೀಪಿನವನಿಗೆ ಹೇಳಿ ಹೊಸದಾಗಿ ಬರೆಸಿರಿ ಅಂದರಂತೆ. ನಾನು ಬಣ್ಣದ ಡಬ್ಬಿ ಹಿಡಿದು ಹೋದೆ. ಕಾಕು ನನ್ನ ರಟ್ಟೆ ಹಿಡಿದುಕೊಂಡಳು.

"ಬ್ಯಾಡೋ ತಮ್ಮಾ. ಓದಾಕ ಬರತಿದ್ದಾಗ ಇದರ ಮಾತ ಯಾರ ಕೇಳಿದ್ರು?"