ಖಾಲಿ ಹೊಟ್ಟೆಯ ಪಿಕಪ್ಪು

ನಮ್ಮ ಭಾವನವರು ಈ ಲೋಕದಲ್ಲಿ ನಂಬುವುದು ಎರಡನ್ನೇ: ಒಂದು ಖಾಲಿ ಹೊಟ್ಟೆ, ಇನ್ನೊಂದು ಎರಡನೆಯ ಡಾಕ್ಟರು. ದೇವರನ್ನು ನಂಬುವುದಿಲ್ಲವೇ ಎಂದು ಕೇಳಿದರೆ, "ರಿಪೋರ್ಟ್ ಇನ್ನೂ ಬಂದಿಲ್ಲ ಕಣಯ್ಯ" ಎನ್ನುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹಾಸನದ ಕಡೆಯವರು. ಕುವೈತಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕುಳಿತು ನಾನಾ ದೇಶದವರ ರಕ್ತ ತೆಗೆಯುತ್ತ ತಲೆ ನರೆಸಿಕೊಂಡವರು. ವೃತ್ತಿಯ ಪ್ರಭಾವ ಮನುಷ್ಯನ ಮೇಲೆ ಎಷ್ಟರ ಮಟ್ಟಿಗೆ ಆಗಬಹುದು? ಒಮ್ಮೆ ಅಕ್ಕ ಹಬ್ಬದ ಊಟಕ್ಕೆ ನಾಲ್ಕು ಮನೆಯವರನ್ನು ಕರೆದಿದ್ದಳು. ಬಾಗಿಲು ತೆರೆದ ಭಾವ, ಬಂದವರನ್ನು "ಬನ್ನಿ" ಎನ್ನುವ ಬದಲು, "ಬೆಳಗ್ಗೆಯಿಂದ ಏನೂ ತಿಂದಿಲ್ಲ ತಾನೆ?" ಎಂದು ಗಂಭೀರವಾಗಿ ವಿಚಾರಿಸಿದರು. ಅತಿಥಿಗಳು ಇದನ್ನು ಅಪರೂಪದ ಉಪಚಾರವೆಂದು ತಿಳಿದು ಬಹಳ ಸಂತೋಷಪಟ್ಟರು. ಒಬ್ಬರು ಮಾತ್ರ ಅಭ್ಯಾಸಬಲದಿಂದ ಅಂಗಿಯ ತೋಳು ಮಡಚಿದರು.

ಇಂಥವರಿಗೆ ಒಂದು ಪಿಕಪ್ಪು ಇತ್ತು. ಒಂದು ಕಾಲದಲ್ಲಿ ಅದರ ಬಣ್ಣ ಬಿಳಿಯಾಗಿತ್ತೆಂದು ಕಾಗದಪತ್ರಗಳು ಹೇಳುತ್ತವೆ. ಅದೇ ಕಾಗದಪತ್ರಗಳ ಪ್ರಕಾರ ಅದು ಭಾವನವರದೂ ಅಲ್ಲ, ಒಬ್ಬ ಕುವೈತಿ ಮುದುಕರದು. ಆ ಮುದುಕರ ಕೈಯಲ್ಲಿ ನರ ಹುಡುಕುವ ವಿದ್ಯೆ ಆಸ್ಪತ್ರೆಯಲ್ಲಿ ನಮ್ಮ ಭಾವನವರೊಬ್ಬರಿಗೇ ಸಿದ್ಧಿಸಿತ್ತಂತೆ. ಆ ಪ್ರೀತಿಗೆ ಅವರು ಈ ಪಿಕಪ್ಪನ್ನು ಬಳಸಿಕೊಳ್ಳಲು ಕೊಟ್ಟಿದ್ದರು. ಷರತ್ತು ಒಂದೇ: "ಓಡುವ ತನಕ ಇಟ್ಟುಕೊ. ನಿಂತ ದಿನ ಸಕ್ರಾಬ್." ಸಕ್ರಾಬ್ ಎಂದರೆ ಇಲ್ಲಿಯ ಗುಜರಿ ಅಂಗಡಿ. ಅಲ್ಲಿಗೆ ಹೋದ ಗಾಡಿ ಮತ್ತೆ ಗಾಡಿಯಾಗಿ ಹೊರಗೆ ಬರುವುದಿಲ್ಲ.

ರಕ್ತ ತೆಗೆಯುವವರಿಗೆ ಪಿಕಪ್ಪು ಯಾಕೆ ಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಈ ಊರಿನಲ್ಲಿ ಯಾರ ಸಂಸಾರವೂ ಖಾಯಂ ಅಲ್ಲ. ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿರಲು ಕೊಟ್ಟ ಪರವಾನಗಿ, ಹೋಗುತ್ತದೆ, ಇಕಾಮಾ ಹೋದರೆ ಮನುಷ್ಯ ಹೋಗುತ್ತಾನೆ, ಮಂಚ ಮಾತ್ರ ಉಳಿಯುತ್ತದೆ. ಅದೇ ವಾರ ಇನ್ಯಾರೋ ಹೊಸದಾಗಿ ಮದುವೆಯಾದವರು ಎರಡು ಸೂಟ್‌ಕೇಸು, ಒಂದು ಕುಕ್ಕರು ಹಿಡಿದುಕೊಂಡು ವಿಮಾನದಿಂದ ಇಳಿದು, ಖಾಲಿ ಫ್ಲ್ಯಾಟಿನಲ್ಲಿ ಪೇಪರು ಹಾಸಿಕೊಂಡು ಮಲಗಿರುತ್ತಾರೆ. ಹೊರಟವರ ಮಂಚವನ್ನು ಬಂದವರ ಮನೆಗೆ ಸೇರಿಸುವುದೇ ನಮ್ಮ ಭಾವನವರ ಶುಕ್ರವಾರದ ವ್ರತ. ಬಾಡಿಗೆ ಇಲ್ಲ, ಪೆಟ್ರೋಲಿನ ಮಾತು ಎತ್ತಿದರೆ ಸಿಟ್ಟು. ಭಾವನವರ ಬಡಾವಣೆಯಾದ ಸಾಲ್ಮಿಯಾದ ಮನೆಯೊಂದರಲ್ಲಿ ಒಂದು ದೇವರ ಮಂಟಪವಿದೆ, ನನಗೆ ಗೊತ್ತಿದ್ದಂತೆ ಅದು ನಾಲ್ಕು ಮನೆಗಳ ಕಷ್ಟಸುಖ ಕೇಳಿದೆ. ನಮ್ಮ ಮನೆಯ ಡೈನಿಂಗ್ ಟೇಬಲ್ಲೂ ಹೀಗೆಯೇ ಬಂದದ್ದು. ಅದರ ಅಡಿಯಲ್ಲಿ ಯಾವುದೋ ಮಗು ಬಣ್ಣದ ಪೆನ್ಸಿಲಿನಿಂದ ಬರೆದ ಆನೆ ಈಗಲೂ ಇದೆ.

ಸಾಮಾನು ಹೇರಿದ ಮೇಲೆ ಭಾವ ಅದರ ಮೇಲೆ ಅಕ್ಕನ ಹೂವಿನ ಚಾದರ ಹೊದಿಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸಿ, ಹಗ್ಗ ಬಿಗಿಯುತ್ತಿದ್ದರು. "ಧೂಳು ಕಣಯ್ಯ" ಎನ್ನುತ್ತಿದ್ದರು. ಅದು ಅಕ್ಕನ ಮದುವೆಗೆ ನಮ್ಮ ತಾಯಿ ಕೊಟ್ಟ ಚಾದರ. ಅಕ್ಕ ಎಷ್ಟು ಸಲ ಬಚ್ಚಿಟ್ಟಳೋ, ಅಷ್ಟು ಸಲ ಅದು ಪಿಕಪ್ಪಿನ ಮೇಲೆ ಪ್ರತ್ಯಕ್ಷವಾಯಿತು.

ಎಲ್ಲ ಸುಸೂತ್ರವಾಗಿ ನಡೆದಿರುವಾಗ ಪಿಕಪ್ಪಿಗೆ ಕಾಯಿಲೆ ಹಿಡಿಯಿತು. ಅದೂ ಎಂಥ ಹೊತ್ತಿನಲ್ಲಿ? ಭಾವನವರಿಗೆ ನಿವೃತ್ತಿಯ ಕಾಗದ ಕೈಸೇರಿ, ಮಾರ್ಚಿನಲ್ಲಿ ಊರಿಗೆ ಹೊರಡುವುದು ಖಚಿತವಾದ ಮೇಲೆ. ಶುಕ್ರವಾರ ಫ್ಲೈಓವರ್ ಏರುವಾಗ ಎಂಜಿನ್ ಗೊರಗೊರ ಎನ್ನುವುದು, ಎಳೆಯಲಾರದೆ ನಡುಗುವುದು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುವುದು, ಕೊನೆಗೆ ಒಂದು ದೊಡ್ಡ ಕೆಮ್ಮು ಕೆಮ್ಮಿ ನಿಂತೇಬಿಡುವುದು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ತೆವಳುತ್ತ ಮನೆಗೆ ಬರುತ್ತಿತ್ತು.

"ನಾನು ಹೋಗೋದರೊಳಗೆ ಇದನ್ನ ಗುಣಮಾಡಿ ಯಾರ ಕೈಗಾದರೂ ಕೊಡಬೇಕು ಕಣಯ್ಯ" ಎಂದರು ಭಾವ. "ಹೊರಡೋರು ನನ್ನ ಜೊತೆ ಮುಗಿದುಹೋಗ್ತಾರಾ? ಬರೋರು ನಿಂತುಬಿಡ್ತಾರಾ?"

ಯಾರ ಕೈಗೆ ಎನ್ನುವಾಗ ಅವರು ನನ್ನನ್ನೇ ನೋಡುತ್ತಿದ್ದರು. ಬ್ಯಾಂಕಿನಲ್ಲಿ ಟೈ ಕಟ್ಟಿಕೊಂಡು ಕೂರುವ ನಾನು, ಆ ಹೊತ್ತಿಗೆ ಸರಿಯಾಗಿ ಅವರ ಮನೆಯ ಸೀಲಿಂಗನ್ನು ಪರಿಶೀಲಿಸುತ್ತಿದ್ದೆ.

ಚಿಕಿತ್ಸೆ ಶುರುವಾಯಿತು. ಚಿಕಿತ್ಸೆಗಿಂತ ಅದರ ಪೂರ್ವಸಿದ್ಧತೆ ದೊಡ್ಡದು. ಶುಕ್ರವಾರ ನಡುದಾರಿಯಲ್ಲಿ ಕೈಕೊಟ್ಟ ಗಾಡಿಯ ಸಾಮಾನನ್ನೆಲ್ಲ ಇಳಿಸಿ, ಭಾವನವರ ಎರಡನೆಯ ಮಹಡಿಯ ಫ್ಲ್ಯಾಟಿಗೆ ಹೊರಬೇಕು. ಹೊರುವವನು ನಾನು. ಆಮೇಲೆ ಗಾಡಿಗೆ ಸ್ನಾನ. ಶನಿವಾರ ಬೆಳಗ್ಗೆ, ಒಂದು ಹಗ್ಗದ ತುಂಡೂ ಒಳಗಿಲ್ಲದಂತೆ ಗುಡಿಸಿ, ಶುವೈಖಿನ ಗ್ಯಾರೇಜಿಗೆ ಪ್ರಯಾಣ.

"ಭಾವ, ನಿಂತ ಜಾಗದಿಂದಲೇ ಸಾಮಾನಿನ ಸಮೇತ ಗ್ಯಾರೇಜಿಗೆ ಹೋದರೆ ಆಗುವುದಿಲ್ಲವೇ?" ಎಂದು ಒಮ್ಮೆ ಕೇಳಿದೆ. ನನ್ನ ಉದ್ದೇಶ ವೈಜ್ಞಾನಿಕವಾದದ್ದಲ್ಲ, ಸೊಂಟಕ್ಕೆ ಸಂಬಂಧಿಸಿದ್ದು.

"ತಿಂಡಿ ತಿಂದ್ಕೊಂಡು ಬಂದವರ ರಕ್ತ ತಗೋತಾರೇನಯ್ಯ?" ಎಂದರು ಭಾವ. "ಪರೀಕ್ಷೆ ಅಂದಮೇಲೆ ಖಾಲಿ ಹೊಟ್ಟೇಲೇ ಆಗಬೇಕು."

ಮೊದಲು ನೋಡಿದವರು ಒಬ್ಬ ಬ್ಯಾರಿ ಮೆಕ್ಯಾನಿಕ್, ಪುತ್ತೂರಿನ ಕಡೆಯವರು. ಕನ್ನಡ ಬರುತ್ತದೆಂಬುದೇ ಭಾವನವರಿಗೆ ಅರ್ಧ ಗುಣವಾದಂತೆ. ಅವರು ಸ್ಟೇರಿಂಗಿನ ಕೆಳಗೆ ವೈರು ಸಿಕ್ಕಿಸಿ, ಕೈಯಲ್ಲಿದ್ದ ಸ್ಕ್ಯಾನರನ್ನು ನೋಡಿದರು.

"ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಹೇಳ್ತದೆ ಸಾರ್."

"ಹೇಳೋದು ಯಾರು? ನೀವೋ, ಆ ಡಬ್ಬಿಯೋ?"

"ಹೇಳುವುದು ಡಬ್ಬಿ. ಬದಲಾಯಿಸುವುದು ನಾನು."

"ಬದಲಾಯಿಸಿದ ಮೇಲೂ ಸರಿಹೋಗದಿದ್ದರೆ?"

"ಆಗ ಪುನಃ ಡಬ್ಬಿಯನ್ನೇ ಕೇಳ್ಬೇಕಷ್ಟೆ ಮಾರಾಯ್ರೆ. ನಾನು ಎಂತ ಮಾಡ್ಲಿ?"

ಈ ಪ್ರಾಮಾಣಿಕತೆ ಭಾವನವರಿಗೆ ಬಹಳ ಹಿಡಿಸಿತು. ಸೆನ್ಸರ್ ಬದಲಾಯಿತು. ಖಾಲಿ ಗಾಡಿ ಶುವೈಖಿನಿಂದ ಸಾಲ್ಮಿಯಾಕ್ಕೆ ಹೂವಿನಂತೆ ಹಾರಿ ಬಂತು. ಮುಂದಿನ ಶುಕ್ರವಾರ, ಒಂದು ಫ್ರಿಜ್ಜು ಮತ್ತು ಎರಡು ಬೀರುಗಳ ಸಮೇತ, ಅದೇ ಫ್ಲೈಓವರಿನ ಮೇಲೆ ಅದೇ ಕೆಮ್ಮು.

ಎರಡನೆಯ ಡಾಕ್ಟರು ಒಬ್ಬ ಸಿರಿಯಾದ ಅಜ್ಜ. ಅವರು ಯಂತ್ರಗಳನ್ನು ನಂಬುವವರಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಆಲಿಸಿದರು. ಭಾವ ಭಕ್ತಿಯಿಂದ ಕೈಕಟ್ಟಿ ನಿಂತರು. ಬಹಳ ಹೊತ್ತಿನ ಮೇಲೆ ಅಜ್ಜ ಕಣ್ಣು ತೆರೆದು, ಪೆಟ್ರೋಲ್ ಪಂಪು ಖಲಾಸ್ ಎಂದರು. ಪಂಪು ಬದಲಾಯಿತು. ಮೂರನೆಯವನು ಇಂಜೆಕ್ಟರುಗಳನ್ನು ಬದಲಾಯಿಸಿ, ಮೊನ್ನೆಯಷ್ಟೇ ಹಾಕಿಸಿದ್ದ ಹೊಸ ಪಂಪನ್ನೂ ಕಿತ್ತು ಇನ್ನೊಂದು ಹೊಸ ಪಂಪು ಹಾಕಿದ. ಪಕ್ಕದಲ್ಲೇ ಇದ್ದ ನಾನು ತಡೆಯಲಾರದೆ, "ಇದು ಈಗ ತಾನೇ..." ಎಂದು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು.

"ಹಳೇ ರಿಪೋರ್ಟ್ ತೋರಿಸಬಾರದಯ್ಯ" ಎಂದರು ಹೊರಗೆ ಬಂದಮೇಲೆ. "ಕಾಪಿ ಹೊಡೀತಾರೆ."

ತೆಗೆದುಹಾಕಿದ ಭಾಗಗಳನ್ನು ಭಾವ ಪ್ಲಾಸ್ಟಿಕ್ ಚೀಲದಲ್ಲಿ ಮನೆಗೆ ತರುತ್ತಿದ್ದರು. ಆಪರೇಷನ್ ಆದಮೇಲೆ ಪಿತ್ತಕೋಶದ ಕಲ್ಲನ್ನು ನೆಂಟರಿಗೆಲ್ಲ ತೋರಿಸುತ್ತಾರಲ್ಲ, ಹಾಗೆ ಬಂದವರಿಗೆಲ್ಲ ಅದರ ಪ್ರದರ್ಶನ. ಮೊದಲನೆಯ ಪಂಪು ಅಕ್ಕನ ಬಾಲ್ಕನಿಯ ಬಾಗಿಲು ಬಡಿಯದಂತೆ ತಡೆಯುವ ಕೆಲಸಕ್ಕೆ ನೇಮಕವಾಯಿತು. ಅದು ಮಾಡಿದ ಕೆಲಸಗಳಲ್ಲೆಲ್ಲ ಇದೇ ಅತ್ಯಂತ ನಂಬಿಕೆಯದು ಎಂದು ಅಕ್ಕನ ಅಭಿಪ್ರಾಯ.

ಅಕ್ಕನ ಸ್ಥಿತಿಯನ್ನೂ ನೋಡಿ. ಅವಳ ನಡುಮನೆಯಲ್ಲಿ ಈಗ ಎರಡು ಸೋಫಾ, ಮೂರು ಮಂಚ, ಒಂದು ತೊಟ್ಟಿಲು. ಅಡುಗೆಮನೆಗೆ ಹೋಗಬೇಕಾದರೆ ಪರರ ಬೀರುವಿಗೆ ಬೆನ್ನು ಉಜ್ಜಿಕೊಂಡೇ ಹೋಗಬೇಕು.

"ಆ ಗಾಡಿಗೆ ಸುರಿದದ್ದನ್ನ ನನಗೆ ಸುರಿದಿದ್ದರೆ" ಎಂದಳು ನನಗೆ ಕಾಫಿ ಕೊಡುತ್ತ, ಗಂಡನಿಗೆ ಕೇಳಿಸುವಂತೆ, "ಮೈತುಂಬ ಚಿನ್ನ ಹೇರ್ಕೊಂಡು ಎಂಜಿನ್ ಇಲ್ದೇನೇ ಫ್ಲೈಓವರ್ ಹತ್ತಿಬಿಡ್ತಿದ್ದೆ ಕಣೋ."

ನಾಲ್ಕನೆಯವನು ಎಂಜಿನ್ನನ್ನೇ ಬಿಚ್ಚಬೇಕೆಂದ. ಅದಕ್ಕೆ ಅವನು ಹೇಳಿದ ಹಣದಲ್ಲಿ ಭಾವ ಬಿಸಿನೆಸ್ ಕ್ಲಾಸಿನಲ್ಲಿ ಊರಿಗೆ ಹೋಗಬಹುದಿತ್ತು, ಪಕ್ಕದ ಸೀಟಿನಲ್ಲಿ ಪಿಕಪ್ಪನ್ನೂ ಕೂರಿಸಿಕೊಂಡು. ಅಂದು ಮನೆಯಲ್ಲಿ ಯಾರೂ ತಮಾಷೆ ಮಾಡಲಿಲ್ಲ.

"ಬಿಟ್ಟುಬಿಡ್ರೀ" ಎಂದಳು ಅಕ್ಕ, ಮೆತ್ತಗೆ. "ಹೊರಡೋ ಹೊತ್ತಲ್ಲಿ ಯಾಕೆ? ಸಕ್ರಾಬಿಗೆ ಹೋಗೋದಿದ್ರೆ ಹೋಗಲಿ."

ಭಾವ ನಡುಮನೆಯಲ್ಲಿದ್ದ ತೊಟ್ಟಿಲನ್ನು ತೋರಿಸಿದರು. "ಇದು ಸೇರಬೇಕಾದ ಹುಡುಗಿಗೆ ಈ ತಿಂಗಳೇ ಹೆರಿಗೆ ಕಣೆ. ತೊಟ್ಟಿಲು ಇಲ್ಲಿ ಕೂತಿದೆ."

ತೊಟ್ಟಿಲನ್ನು ಮಾರನೆಯ ದಿನ ನನ್ನ ಕಾರಿನಲ್ಲಿ, ಡಿಕ್ಕಿ ಮುಚ್ಚದೆ, ಹಗ್ಗ ಕಟ್ಟಿಕೊಂಡು ತಲುಪಿಸಿದೆವು. ಎಂಜಿನ್ ಬಿಚ್ಚಿಸಿದ್ದೂ ಆಯಿತು. ಖಾಲಿ ಗಾಡಿ ಹೊಸ ಅಳಿಯನಂತೆ ಮನೆಗೆ ಬಂತು. ಮೊದಲ ಸೋಫಾ ಹೇರಿದ ಕೂಡಲೇ ಹಳೆಯ ಅಳಿಯನಾಯಿತು.

ಮಾರ್ಚ್ ಬಂತು. ಅಕ್ಕನ ನಡುಮನೆಯ ಸಾಮಾನುಗಳನ್ನು ಬೇಕಾದವರೇ ಬಂದು ಒಯ್ದರು. ಉಳಿದದ್ದು ಭಾವನವರ ಸ್ವಂತ ಸಂಸಾರ. ಅದನ್ನು ಹಡಗಿನಲ್ಲಿ ಕಳಿಸಲು ಶುವೈಖಿನ ಕಾರ್ಗೋ ಆಫೀಸಿಗೆ ಮುಟ್ಟಿಸಬೇಕಿತ್ತು. ಪಿಕಪ್ಪಿನ ಕೊನೆಯ ಸವಾರಿ ಅದೇ, ದಾರಿಯಲ್ಲಿ ನಿಂತರೆ ಅಲ್ಲಿಂದಲೇ ಸಕ್ರಾಬಿಗೆ, ಎಂದು ಭಾವ ತೀರ್ಮಾನ ಮಾಡಿದ್ದರು. ಹೇರುವಾಗ ನಾನು ಮೊದಲ ಸಲ ಆ ಸಾಮಾನನ್ನು ಬೆಳಕಿನಲ್ಲಿ ನೋಡಿದೆ. ಕಾಲು ಮುರಿದದ್ದಕ್ಕೆ ತಂತಿ ಸುತ್ತಿದ ಕುರ್ಚಿ. ಬಾಗಿಲು ಕೂರದೆ ರಟ್ಟು ಸಿಕ್ಕಿಸಿದ ಬೀರು. ನಡುವೆ ಕುಸಿದ ಹಾಸಿಗೆ. ಊರಿನವರಿಗೆಲ್ಲ ಮನೆ ಹೂಡಿಕೊಟ್ಟವರು, ಯಾರೂ ಬೇಡವೆಂದು ಬಿಟ್ಟದ್ದನ್ನು ತಮಗೆ ಇಟ್ಟುಕೊಂಡಿದ್ದರು. ಅದನ್ನೂ ಬಿಟ್ಟುಹೋಗಲು ಅಕ್ಕ ಒಪ್ಪಲಿಲ್ಲ.

"ಚಾದರ ಎಲ್ಲಿ ಭಾವ?" ಎಂದೆ.

"ಇರಲಿ ನಡೀ."

ಪಿಕಪ್ಪು ಶುವೈಖಿನವರೆಗೆ ಬಂದು, ಇನ್ನೇನು ಕಾರ್ಗೋ ಆಫೀಸು ಸಿಕ್ಕಿತು ಎನ್ನುವಾಗ, ಸಿಗ್ನಲ್ಲಿನಲ್ಲಿ ಕೆಮ್ಮಿ ನಿಂತಿತು. ಹತ್ತು ಮಾರು ದೂರದಲ್ಲೇ ಮೊದಲ ಡಾಕ್ಟರ ಗ್ಯಾರೇಜು. ನಾಲ್ಕು ಜನ ಸೇರಿ ಒಳಕ್ಕೆ ತಳ್ಳಿದೆವು. ಅಭ್ಯಾಸದಂತೆ ನಾನು ಹಗ್ಗ ಬಿಚ್ಚತೊಡಗಿದೆ.

"ಬೇಡ ಬಿಡಯ್ಯ" ಎಂದರು ಭಾವ.

"ಖಾಲಿ ಹೊಟ್ಟೆ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅದು ಜನರ ಸಾಮಾನು ಕಣಯ್ಯ. ಕೆಲಸ ಕಳ್ಕೊಂಡು ಹೊರಟೋರ ಹಾಸಿಗೆ, ಪಾತ್ರೆ. ಗ್ಯಾರೇಜಲ್ಲಿ ನಿಂತು ಕಂಡೋರೆಲ್ಲ ನೋಡೋದು ಬೇಡ ಅಂತ ಇಳಿಸ್ತಿದ್ದೆ. ಇದು ನಮ್ಮದೇ ತಾನೆ. ನೋಡಲಿ."

ಬ್ಯಾರಿ ಮೆಕ್ಯಾನಿಕ್ ಈ ಸಲ ಡಬ್ಬಿ ತರಲಿಲ್ಲ. ಗಾಡಿಯ ಹಿಂಭಾಗ ನೆಲಕ್ಕೆ ಬಾಗಿದ್ದನ್ನು ನೋಡಿ, ಟಾರ್ಚ್ ಹಿಡಿದು ಕೆಳಗೆ ನುಸುಳಿದರು. ಅಲ್ಲಿಂದಲೇ ನಗು ಕೇಳಿಸಿತು. ಭಾರ ಬಿದ್ದಾಗ ಹಿಂದಿನ ಪೆಟ್ಟಿಗೆ ಕುಗ್ಗಿ, ಅದರ ಅಡಿಯ ಕಬ್ಬಿಣ ಪೆಟ್ರೋಲ್ ಹೋಗುವ ರಬ್ಬರ್ ಪೈಪನ್ನು ಅಮುಕುತ್ತಿತ್ತು. ಭಾರ ಇಳಿಸಿದರೆ ಪೈಪು ಮತ್ತೆ ಅರಳುತ್ತಿತ್ತು. ಇಷ್ಟೇ ಕಾಯಿಲೆ. ಯಾವ ಡಾಕ್ಟರೂ ಸುಳ್ಳು ಹೇಳಿರಲಿಲ್ಲ. ನಾವು ಅವರಿಗೆ ರೋಗಿಯನ್ನು ತೋರಿಸಿಯೇ ಇರಲಿಲ್ಲ.

"ಎಂತ ಸಾರ್ ನೀವು" ಎಂದರು ಮೆಕ್ಯಾನಿಕ್, ಎಂಜಿನ್ ಬಿಚ್ಚಿಸಿದ ಕಥೆ ಕೇಳಿ ಮೈ ಕೊಡವಿಕೊಳ್ಳುತ್ತ. "ಒಂದು ದಿನ ಲೋಡ್ ಹಾಕ್ಕೊಂಡು ಬರ್ಬಾರ್ದಿತ್ತಾ? ಇಡೀ ಎಂಜಿನ್ ಉಳೀತಿತ್ತಲ್ಲ."

"ಉಳೀತಿತ್ತು" ಎಂದು ಭಾವ ಒಪ್ಪಿಕೊಂಡರು. ಅವರ ಮುಖದಲ್ಲಿ ಅಂಥ ಪಶ್ಚಾತ್ತಾಪವೇನೂ ಕಾಣಲಿಲ್ಲ.

ಒಂದು ಗೇಣು ಪೈಪು ಹೊಸದಾಯಿತು, ಅದರ ದಾರಿ ಸ್ವಲ್ಪ ಪಕ್ಕಕ್ಕೆ ಸರಿಯಿತು. ಕುಸಿದ ಹಾಸಿಗೆ, ತಂತಿ ಸುತ್ತಿದ ಕುರ್ಚಿಗಳನ್ನು ಹೊತ್ತುಕೊಂಡು ಪಿಕಪ್ಪು ಒಂದು ಸಲವೂ ಕೆಮ್ಮದೆ ಕಾರ್ಗೋ ಆಫೀಸು ತಲುಪಿತು. ವಾರದ ಮೇಲೆ ವಿಮಾನ ನಿಲ್ದಾಣದಲ್ಲಿ ಭಾವ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದರು. ಅಲ್ಲಿಯ ಸೀಲಿಂಗು ಬಹಳ ಎತ್ತರ. ಪರಿಶೀಲಿಸುವಂಥದ್ದೇನೂ ಇರಲಿಲ್ಲ. ಕುವೈತಿ ಮುದುಕರಿಗೆ ಆಗಲೇ ಹೇಳಿ ಒಪ್ಪಿಸಿದ್ದರಂತೆ.

ಆ ಚಾದರ ಎಲ್ಲಿತ್ತು ಎಂಬುದು ಮುಂದಿನ ಶುಕ್ರವಾರ ಗೊತ್ತಾಯಿತು. ಸೀಟಿನ ಹಿಂದೆ, ಒಗೆದು, ಇಸ್ತ್ರಿ ಮಾಡಿ, ಮಡಿಚಿಟ್ಟಿದ್ದರು. ತಮ್ಮ ಸಾಮಾನಿಗೆ ಅದನ್ನು ಹೊದಿಸಿ ಮಾಸಿಸಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಹೋದ ವಾರ ಒಂದು ಸಂಸಾರ ಹೊರಟಿತು. ಗಂಡನ ಕಂಪನಿ ಮುಚ್ಚಿತ್ತು. ಹೆಂಡತಿ ಸಾಮಾನು ಹೇರುವವರೆಗೂ ಹೊರಗೆ ಬರಲಿಲ್ಲ. ಹಿಂದಿರುಗುವಾಗ ಡ್ಯಾಶ್‌ಬೋರ್ಡಿನ ಹಳದಿ ದೀಪ ಮತ್ತೆ ಹತ್ತಿತು. ಹೆದರಿಕೆಯಿಂದ ನೇರ ಶುವೈಖಿಗೆ ತಿರುಗಿಸಿದೆ. ನನ್ನ ಬ್ಯಾರಿ ಡಾಕ್ಟರು ಕೈ ಒರೆಸಿಕೊಳ್ಳುತ್ತ ಬಂದು, ತುಂಬಿದ ಗಾಡಿಯನ್ನು ನೋಡಿ ಖುಷಿಪಟ್ಟರು.

"ಲೋಡ್ ಉಂಟಲ್ಲ, ಒಳ್ಳೇದಾಯ್ತು. ಆ ಚಾದರ ತೆಗೀರಿ, ಭಾರ ಎಲ್ಲಿ ಬಿದ್ದಿದೆ ಒಮ್ಮೆ ನೋಡುವ."

ಚಾದರದ ಅಂಚಿನಿಂದ ಒಂದು ದಿಂಬಿನ ಮೂಲೆ ಹೊರಗೆ ಇಣುಕಿತ್ತು. ಅದನ್ನು ಒಳಕ್ಕೆ ತಳ್ಳಿ, ಹಗ್ಗ ಬಿಗಿಮಾಡಿದೆ.

"ಇವತ್ತು ಬೇಡ" ಎಂದೆ. "ನಾಳೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಬರುತ್ತೇನೆ."